ಹಗೇವು ಮುಚ್ಚುವ ಕೆಲಸ

ಅಣ್ಣಿಗೇರಿಯಿಂದ ಎರಡು ಹರದಾರಿ ದೂರದ ನಮ್ಮ ಹಳ್ಳಿಯಲ್ಲಿ, ಮನೆಯ ಮುಂದೆ, ಈಗ ಮೋಟರ್‌ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಂದು ಹಗೇವು ಇತ್ತು. ಇಪ್ಪತ್ತು ಚೀಲ ಜೋಳ ಹಿಡಿಯುತ್ತಿತ್ತು. ಮೇಲೆ ನಿಂತು ನೋಡಿದರೆ ಅಲ್ಲಿ ಏನೂ ಇಲ್ಲ: ಬಾಯಿಗೆ ಒಂದು ಹಾಸುಗಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಸಗಣಿ ಸಾರಿಸಿದ ಅಂಗಳ. ನಾವು ಹುಡುಗರು ಅದರ ಮೇಲೆಯೇ ಗೋಲಿ ಆಡುತ್ತಿದ್ದೆವು. ಕೆಳಗೆ ವರ್ಷದ ಜೋಳ ಇದೆ ಎಂಬುದು ಗೊತ್ತಿತ್ತು. ಆದರೆ ಆ ಜೋಳಕ್ಕೂ ಒಲೆಯ ಮೇಲಿನ ಹಂಚಿಗೂ ಸಂಬಂಧ ಇರಲಿಲ್ಲ. ದಿನದ ರೊಟ್ಟಿಯ ಜೋಳ ಪಡಸಾಲೆಯ ಚೀಲದಿಂದ ಬರುತ್ತಿತ್ತು.

ಹಗೇವು ತೆಗೆಯುವ ದಿನ ಎಲ್ಲರಿಗೂ ನೆನಪಿರುತ್ತದೆ. ಕಲ್ಲು ಸರಿಸಿದ ಕೂಡಲೇ ಒಂದು ಹುಳಿವಾಸನೆ ಓಣಿಗೆಲ್ಲ ಹಬ್ಬುತ್ತಿತ್ತು. ಅರ್ಧ ದಿನ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಡುತ್ತಿದ್ದರು. ‘ಕಂದೀಲ ಆರಿದ್ರ ಯಾರೂ ಇಳೀಬ್ಯಾಡ್ರಿ’ ಎಂದು ಅಪ್ಪ ಪ್ರತಿ ಸಲ ಹೇಳುತ್ತಿದ್ದ, ಗೊತ್ತಿದ್ದವರಿಗೇ ಹೇಳುತ್ತಿದ್ದ. ಒಳಗಿನ ಜೋಳ ಉಸಿರಾಡಿ ಆಮ್ಲಜನಕ ಮುಗಿಸಿ, ಇಂಗಾಲದ ಡೈ ಆಕ್ಸೈಡು ತುಂಬಿಸಿ ಇಟ್ಟಿರುತ್ತದೆ. ಹುಳ ಸಾಯುವುದು ಅದರಿಂದಲೇ, ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಪಕ್ಕದ ಓಣಿಯಲ್ಲಿ ಒಬ್ಬ ಆಳು ಹಾಗೆ ಹೋಗಿದ್ದ. ಹಗೇವಿನ ಬಗ್ಗೆ ಈಗ ಹಾಡಿ ಹೊಗಳುವವರಿಗೆ ಈ ಮಾತು ಹೇಳಿದರೆ ಮುಖ ಸಣ್ಣದು ಮಾಡುತ್ತಾರೆ.

ಮುಚ್ಚುವ ದಿನ ಮಾತ್ರ ಯಾರಿಗೂ ನೆನಪಿರುವುದಿಲ್ಲ. ದುಡಿತ ಇದ್ದದ್ದು ಅಲ್ಲಿ. ಸುತ್ತಲಿನ ಎರಿ ಹೊಲದಲ್ಲಿ ಹಗೇವು ತೋಡುವ ಹಾಗಿಲ್ಲ. ಎರಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ನೀರು ಕುಡಿದು ಉಬ್ಬುತ್ತದೆ. ಗಟ್ಟಿ ಗರಸು ನೆಲ ಬೇಕು. ಒಳಗೋಡೆಗೆ ಕಣಿಕಿ ನಿಲ್ಲಿಸಬೇಕು, ತಳಕ್ಕೂ ಮೂಲೆಗೂ ರವದಿ ಒತ್ತಿ ತುಳಿಯಬೇಕು. ಜೋಳ ಸುರಿದ ಮೇಲೆ ಮತ್ತೆ ರವದಿ, ಕಲ್ಲು, ಕಲ್ಲಿನ ಅಂಚಿಗೆ ಕಲಸಿದ ಮಣ್ಣು. ಅಷ್ಟಕ್ಕೆ ಮುಗಿಯಿತೇ? ಅಜ್ಜಿ ವಾರಕ್ಕೊಮ್ಮೆ ಆ ಜಾಗ ಸಾರಿಸುತ್ತಿದ್ದಳು, ಬಿರುಕು ಕಂಡರೆ ಬೆರಳಿನಿಂದ ಮಣ್ಣು ತುಂಬುತ್ತಿದ್ದಳು. ಬಿರುಕೊಂದು ಉಳಿದ ವರ್ಷ ನಾಲ್ಕು ಚೀಲ ಜೋಳ ಮುಗ್ಗಿ ದನಕ್ಕೆ ಹೋಯಿತು.

ನಾನು ಮೂವತ್ತನಾಲ್ಕು ವರ್ಷ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಕಲಿಸಿದವನು. ಅದರಲ್ಲಿ ಒಂದು ಪಾಠ ಕಾಲು ಶತಮಾನ ತಪ್ಪಾಗಿ ಕಲಿಸಿದೆ. ಹಗೇವಿನ ಮೇಲೆ ಗೋಲಿ ಆಡಿದವನು ಆ ತಪ್ಪು ಮಾಡಬಾರದಿತ್ತು.

1973ರಲ್ಲಿ ಧಾರವಾಡಕ್ಕೆ ಬಿ.ಎಸ್ಸಿ.ಗೆ ಸೇರಿದಾಗ ಅಣ್ಣಿಗೇರಿಯಿಂದ ಮೀಟರ್ ಗೇಜ್ ರೈಲು. ಹುಬ್ಬಳ್ಳಿಯಲ್ಲಿ ಇಳಿದು ಬಸ್ಸು ಹಿಡಿಯುವಷ್ಟರಲ್ಲಿ ಅಂಗಿಯ ಕಾಲರು ಕಪ್ಪಾಗುತ್ತಿತ್ತು. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಕೈರೊನೊಮಸ್ ಮರಿಹುಳ ಬೇಕು ಎಂದರೆ ಹಳ್ಳಿಯ ಹುಡುಗರ ಕಡೆಗೇ ಎಲ್ಲರೂ ತಿರುಗುತ್ತಿದ್ದರು. ಗಟಾರದ ಕೆಸರಿನಲ್ಲಿ, ಕೆರೆಯ ದಂಡೆಯಲ್ಲಿ ಕುಂಕುಮದ ಎಳೆಯಂತೆ ಹೊರಳಾಡುವ ಕೆಂಪು ಹುಳ ಅದು. ಬಾಟಲಿಯಲ್ಲಿ ತಂದು ಗಾಜಿನ ಮೇಲಿಟ್ಟು, ಒಂದು ಸೂಜಿಯಿಂದ ತಲೆ ಒತ್ತಿ ಹಿಡಿದು, ಇನ್ನೊಂದರಿಂದ ಮೈ ಎಳೆದರೆ ಜೊಲ್ಲುಗ್ರಂಥಿ ಹೊರಗೆ ಬರುತ್ತದೆ, ಪಾರದರ್ಶಕವಾದ ಪುಟ್ಟ ಚೀಲ. ಅದಕ್ಕೆ ಅಸಿಟೋ-ಆರ್ಸಿನ್ ಬಣ್ಣ ಹಾಕಿ, ಮೇಲೆ ತೆಳುಗಾಜು ಇಟ್ಟು, ಹೆಬ್ಬೆರಳಿನಿಂದ ಒತ್ತಬೇಕು. ಹೆಚ್ಚು ಒತ್ತಿದರೆ ಗಾಜು ಒಡೆಯುತ್ತದೆ, ಕಡಿಮೆ ಒತ್ತಿದರೆ ಏನೂ ಕಾಣುವುದಿಲ್ಲ. ಮೂರನೇ ಹುಳಕ್ಕೆ ನನಗೆ ಕಂಡಿತು: ದಪ್ಪ ಹಗ್ಗದಂಥ ಕ್ರೋಮೋಸೋಮು, ಉದ್ದಕ್ಕೂ ಕರಿ ಪಟ್ಟಿ ಬಿಳಿ ಪಟ್ಟಿ. ಒಂದೆರಡು ಕಡೆ ಮಾತ್ರ ಆ ಹಗ್ಗ ಬಿಚ್ಚಿಕೊಂಡು, ಹಿಂಜಿದ ಅರಳೆಯಂತೆ ಉಬ್ಬಿತ್ತು.

ಆ ಉಬ್ಬುಗಳನ್ನು 1881ರಲ್ಲೇ ಬಾಲ್ಬಿಯಾನಿ ಕಂಡಿದ್ದ. 1952ರಲ್ಲಿ ಬೀರ್ಮನ್, ಒಂದೇ ಹುಳದ ಬೇರೆ ಬೇರೆ ಅಂಗಗಳಲ್ಲಿ ಬೇರೆ ಬೇರೆ ಜಾಗ ಉಬ್ಬಿರುತ್ತದೆ ಎಂದು ತೋರಿಸಿದ. ಉಬ್ಬಿದ ಕಡೆ ಜೀನು ಕೆಲಸ ಮಾಡುತ್ತಿದೆ, ಅದರಿಂದ ಆರ್‌ಎನ್‌ಎ ನಕಲು ಇಳಿಯುತ್ತಿದೆ. ಜರ್ನಲ್ಲಿನಲ್ಲಿ ಚಿತ್ರ ಬರೆದು, ಉಬ್ಬಿಗೆ ಬಾಣದ ಗುರುತು ಹಾಕಿ, ‘ಪಫ್’ ಎಂದು ಬರೆದು ಸಹಿ ಹಾಕಿಸಿಕೊಂಡೆ. ಉಳಿದ ಹಗ್ಗವೆಲ್ಲ ಯಾಕೆ ಮುಚ್ಚಿದೆ, ಅದನ್ನು ಮುಚ್ಚಿ ಹಿಡಿದವರು ಯಾರು ಎಂದು ನಾನು ಕೇಳಲಿಲ್ಲ. ಮಾಸ್ತರರೂ ಕೇಳಲಿಲ್ಲ. ಮುಚ್ಚಿರುವುದು ಸಹಜ ಸ್ಥಿತಿ, ತೆರೆಯುವುದಕ್ಕೆ ಮಾತ್ರ ಕಾರಣ ಬೇಕು ಎಂದುಕೊಂಡಿದ್ದೆವು.

ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಂಬ ಪ್ರೋಟೀನಿಗೆ ನಮ್ಮ ಪುಸ್ತಕದಲ್ಲಿ ಅರ್ಧ ಪುಟ. 1884ರಲ್ಲಿ ಕೊಸೆಲ್ ಕಂಡುಹಿಡಿದ, ಪ್ರತ್ಯಾಮ್ಲ ಗುಣದ್ದು, ಡಿಎನ್‌ಎಯನ್ನು ಕಟ್ಟಿಡುತ್ತದೆ, ಇಷ್ಟೇ. ನಾನು ಓದುತ್ತಿದ್ದಾಗಲೇ, 1974ರಲ್ಲಿ, ರೋಜರ್ ಕಾರ್ನ್‌ಬರ್ಗ್ ಎಂಟು ಹಿಸ್ಟೋನುಗಳ ಒಂದು ಉಂಡೆಗೆ ಡಿಎನ್‌ಎ ಸುತ್ತಿಕೊಂಡಿರುವ ಮಾದರಿಯನ್ನು ಮುಂದಿಟ್ಟಿದ್ದ. ಅದಕ್ಕೂ ಹತ್ತು ವರ್ಷ ಹಿಂದೆ, 1964ರಲ್ಲಿ, ವಿನ್ಸೆಂಟ್ ಆಲ್‌ಫ್ರಿ ಹಿಸ್ಟೋನಿಗೆ ಅಸಿಟೈಲ್ ಎಂಬ ಸಣ್ಣ ತುಣುಕು ಅಂಟಿದರೆ ಆರ್‌ಎನ್‌ಎ ಉತ್ಪಾದನೆ ಬದಲಾಗಬಹುದು ಎಂದು ಬರೆದಿದ್ದ. ಧಾರವಾಡದ ನನ್ನ ಪುಸ್ತಕಕ್ಕೆ ಎರಡೂ ಸುದ್ದಿ ಮುಟ್ಟಿರಲಿಲ್ಲ.

1979ರಲ್ಲಿ ಮೇಷ್ಟ್ರಾಗಿ ನಿಂತಾಗ ನನಗೆ ಒಂದು ಒಳ್ಳೆಯ ಹೋಲಿಕೆ ಹೊಳೆಯಿತು, ಅಥವಾ ಒಳ್ಳೆಯದೆಂದು ಅಂದುಕೊಂಡೆ. ಅಣ್ಣಿಗೇರಿ ಕಡೆಯ ಹುಡುಗರಿಗೆ ಹತ್ತಿ ಜಿನ್ನು, ಹತ್ತಿ ಪ್ರೆಸ್ಸು ಗೊತ್ತು. ಡಿಎನ್‌ಎ ಅಂದರೆ ಅರಳೆ, ಹಿಸ್ಟೋನ್ ಅಂದರೆ ಒತ್ತಿದ ಅರಳೆಯ ಬೇಲ್‌ಗೆ ಬಿಗಿಯುವ ಕಬ್ಬಿಣದ ಪಟ್ಟಿ ಎಂದು ಹೇಳಿಕೊಟ್ಟೆ. ಮನುಷ್ಯನ ಒಂದು ಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕ ಕೋಶಕೇಂದ್ರದಲ್ಲಿ ಅದು ಹಿಡಿಯಬೇಕಾದರೆ ಒತ್ತಿ ಕಟ್ಟಲೇಬೇಕು. ‘ಸರಕು ಡಿಎನ್‌ಎ, ಹಿಸ್ಟೋನ್ ಬರೇ ಪ್ಯಾಕಿಂಗು’ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಂಕ ಬರುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ.

2004ರ ದೀಪಾವಳಿಗೆ, ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಸೇರಿದ್ದ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಚಹಾ ಕುಡಿದು, ಕರ್ಚಿಕಾಯಿ ತಿಂದು, ಸ್ವಲ್ಪ ನಾಚಿಕೊಂಡೇ ಹೇಳಿದ: ‘ಸರ, ಆ ಪ್ಯಾಕಿಂಗ್ ಮಾತು ತಪ್ಪೈತ್ರಿ. ಪ್ಯಾಕ್ ಮಾಡಾವ್ನ ಅಲ್ಲಿ ಮಾಲಕ.’ ಆಮೇಲೆ ಲಗ್ನಪತ್ರಿಕೆಯೊಂದರ ಹಿಂಬದಿಗೆ ಚಿತ್ರ ಬರೆದು ತೋರಿಸಿದ.

ಹಿಸ್ಟೋನಿನ ಉಂಡೆಯಿಂದ ಬಾಲಗಳು ಹೊರಗೆ ಚಾಚಿರುತ್ತವೆ. ಆ ಬಾಲಗಳಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಹೆಚ್ಚು. ಅದಕ್ಕೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಲೈಸೀನಿಗೆ ಅಸಿಟೈಲ್ ಅಂಟಿಸಿದರೆ ಆ ಧನಾಂಶ ಹೋಗುತ್ತದೆ, ಹಿಡಿತ ಸಡಿಲುತ್ತದೆ, ನಕಲು ತೆಗೆಯುವ ಯಂತ್ರಕ್ಕೆ ದಾರಿ ಸಿಗುತ್ತದೆ. ಅಸಿಟೈಲ್ ಕಿತ್ತರೆ ಹಿಡಿತ ಮತ್ತೆ ಬಿಗಿ, ಜೀನು ಸುಮ್ಮನಾಗುತ್ತದೆ. ಅಂಟಿಸುವವರು ಬೇರೆ, ಕೀಳುವವರು ಬೇರೆ. ಕೀಳುವವರಲ್ಲಿ ಮೊದಲು ಸಿಕ್ಕದ್ದು ಎಚ್‌ಡ್ಯಾಕ್-1. ನಮ್ಮ ಒಂದನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿರುವ ಒಂದು ಜೀನು. ಅದು ಮಾಡಿಸುವ ಪ್ರೋಟೀನು 482 ಅಮೈನೊ ಆಮ್ಲಗಳ ಉದ್ದ, ನಡುವಿನ ಗುಳಿಯಲ್ಲಿ ಒಂದು ಸತುವಿನ ಅಯಾನು. 1996ರಲ್ಲಿ ಹಾರ್ವರ್ಡಿನ ಸ್ಟುವರ್ಟ್ ಶ್ರೈಬರ್ ತಂಡ ಅದನ್ನು ಗಾಳ ಹಾಕಿ ಹಿಡಿಯಿತು. ಟ್ರಾಪಾಕ್ಸಿನ್ ಎಂಬ ಸೂಕ್ಷ್ಮಜೀವಿಯ ವಿಷ ಕೋಶದಲ್ಲಿ ಅಸಿಟೈಲ್ ಕೀಳುವುದನ್ನು ನಿಲ್ಲಿಸುತ್ತದೆ ಎಂದು ಗೊತ್ತಿತ್ತು. ಯಾರನ್ನು ಹಿಡಿದು ನಿಲ್ಲಿಸುತ್ತದೆ ಎಂದು ಗೊತ್ತಿರಲಿಲ್ಲ. ಆ ವಿಷವನ್ನೇ ಎರೆಯಾಗಿ ಕಟ್ಟಿದರು, ಪ್ರೋಟೀನು ಬಂದು ಕಚ್ಚಿತು. ನೋಡಿದರೆ ಅದು ಯೀಸ್ಟಿನ ಆರ್‌ಪಿಡಿ3 ಎಂಬ ಪ್ರೋಟೀನಿನ ದಾಯಾದಿ. ಆರ್‌ಪಿಡಿ3 ಜೀನುಗಳ ಕೆಲಸವನ್ನು ಅಂಕೆಯಲ್ಲಿಡುತ್ತದೆ ಎಂದು ಯೀಸ್ಟಿನವರಿಗೆ ಮೊದಲೇ ತಿಳಿದಿತ್ತು, ಹೇಗೆ ಎಂಬುದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಅದೇ ವರ್ಷ ಡೇವಿಡ್ ಆಲಿಸ್ ತಂಡ, ಟೆಟ್ರಾಹೈಮೆನ ಎಂಬ ಏಕಕೋಶ ಜೀವಿಯಿಂದ, ಅಂಟಿಸುವವನನ್ನು ಹಿಡಿದಿತ್ತು. ಒಂದೇ ವರ್ಷದಲ್ಲಿ ತೆರೆಯುವವನೂ ಮುಚ್ಚುವವನೂ ಸಿಕ್ಕರು. ನಾನು ಆ ವರ್ಷವೂ ಬೇಲಿನ ಪಟ್ಟಿಯ ಪಾಠ ಮಾಡಿದೆ.

ನನ್ನ ಹೋಲಿಕೆಯ ದೋಷ ಅವನು ಚಿತ್ರ ಬರೆಯುತ್ತಿದ್ದಾಗಲೇ ಗೊತ್ತಾಯಿತು. ಬೇಲಿನ ಪಟ್ಟಿ ಒಮ್ಮೆ ಬಿಗಿದರೆ ಮುಂಬಯಿ ಮುಟ್ಟುವ ತನಕ ಹಾಗೇ ಇರುತ್ತದೆ, ಅದನ್ನು ಯಾರೂ ಕಾಯಬೇಕಿಲ್ಲ. ಹಿಸ್ಟೋನಿನ ಮೇಲಿನ ಅಸಿಟೈಲ್ ಹಾಗಲ್ಲ. ಕೆಲವು ಕಡೆ ನಿಮಿಷಗಳ ಲೆಕ್ಕದಲ್ಲಿ ಅಂಟಿಸುತ್ತಾರೆ, ಕೀಳುತ್ತಾರೆ, ಮತ್ತೆ ಅಂಟಿಸುತ್ತಾರೆ. ಮುಚ್ಚಿದ ಜಾಗ ಮುಚ್ಚಿಯೇ ಇರಬೇಕಾದರೆ ಯಾರೋ ಕೂತು ಕೀಳುತ್ತಲೇ ಇರಬೇಕು. ಅಜ್ಜಿಯ ಬೆರಳು, ಕಲ್ಲಿನ ಅಂಚಿನ ಬಿರುಕು, ವಾರಕ್ಕೊಮ್ಮೆ ಮಣ್ಣು. ಇಪ್ಪತ್ತೈದು ವರ್ಷ ಹತ್ತಿ ಪ್ರೆಸ್ಸಿನ ಹೋಲಿಕೆ ಕೊಟ್ಟವನಿಗೆ ಮನೆ ಮುಂದಿನ ಹಗೇವು ಒಮ್ಮೆಯೂ ನೆನಪಾಗಿರಲಿಲ್ಲ.

ಎಚ್‌ಡ್ಯಾಕ್-1 ತಾನೇ ಹೋಗಿ ಜೀನಿನ ವಿಳಾಸ ಹುಡುಕುವುದಿಲ್ಲ. ಅದನ್ನು ಕರೆದೊಯ್ಯುವವರು ಬೇರೆ ಇದ್ದಾರೆ. ಸಿನ್3, ಕೋರೆಸ್ಟ್ ಎಂಬ ಹೆಸರಿನ ಪ್ರೋಟೀನು ತಂಡಗಳಲ್ಲಿ ಇದು ಒಬ್ಬ ಆಳು. ಉದಾಹರಣೆಗೆ, ಚರ್ಮದ ಕೋಶದಲ್ಲೂ ನರಕೋಶಕ್ಕೆ ಬೇಕಾದ ಜೀನುಗಳೆಲ್ಲ ಇವೆ. ಅಲ್ಲಿ ಅವು ಬಾಯಿ ತೆರೆಯಬಾರದು. ರೆಸ್ಟ್ ಎಂಬ ಪ್ರೋಟೀನು ಆ ಜೀನುಗಳ ಹತ್ತಿರದ ಒಂದು ಗುರುತನ್ನು ಹಿಡಿದು ಕೂತು ಕೋರೆಸ್ಟ್ ತಂಡವನ್ನು ಕರೆಯುತ್ತದೆ, ತಂಡದೊಡನೆ ಎಚ್‌ಡ್ಯಾಕ್ ಬಂದು ಅಸಿಟೈಲ್ ಕಿತ್ತುಹಾಕುತ್ತದೆ. ಇಲಿಯಲ್ಲಿ ಈ ಎಚ್‌ಡ್ಯಾಕ್-1 ಜೀನನ್ನೇ ತೆಗೆದುಹಾಕಿದರೆ ಮರಿ ಹುಟ್ಟುವುದಿಲ್ಲ, ಭ್ರೂಣದಲ್ಲೇ ಸಾಯುತ್ತದೆ. ಎಲ್ಲ ಹಗೇವುಗಳ ಬಾಯಿ ಒಟ್ಟಿಗೆ ತೆರೆದಿಟ್ಟ ಊರು ಮಳೆಗಾಲ ದಾಟುವುದಿಲ್ಲ.

ವಿದ್ಯಾರ್ಥಿ ಇನ್ನೊಂದು ಸಂಗತಿ ಹೇಳಿದ, ಅದು ನಮ್ಮ ಕಡೆಯದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಮುರುಗಲ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತು ಅಸಿಟೈಲ್ ಅಂಟಿಸುವ ಕಿಣ್ವವನ್ನು ತಡೆಯುತ್ತದೆ ಎಂದು ಅದೇ 2004ರಲ್ಲಿ ಪ್ರಕಟಿಸಿತ್ತು. ಅಂಟಿಸುವವನ ಕೈ ಕಟ್ಟಿದರೆ ಕೀಳುವವನದೇ ರಾಜ್ಯ, ಕ್ರೊಮ್ಯಾಟಿನ್ನಿನಿಂದ, ಅಂದರೆ ಹಿಸ್ಟೋನಿಗೆ ಸುತ್ತಿದ ಡಿಎನ್‌ಎಯಿಂದ, ಇಳಿಯುವ ನಕಲು ಕಡಿಮೆ. ಕಲಘಟಗಿ ದಾಟಿ ಯಲ್ಲಾಪುರದ ಘಟ್ಟದ ಕಡೆ ಹೋದರೆ ಮುರುಗಲ ಹುಳಿ ಸಿಗುತ್ತದೆ; ನಮ್ಮ ಎರಿ ಸೀಮೆಯವರಿಗೆ ಅದು ಬೀಗರ ಮನೆಯಿಂದ ಬರುವ ಪದಾರ್ಥ. ನಮ್ಮ ಮನೆಯಲ್ಲಿ ಅಡುಗೆಮನೆಯ ಕಡೆಯಿಂದ ಕೂಡಲೇ ಪ್ರಶ್ನೆ ಬಂತು: ಹಾಗಾದರೆ ಸಾರು ಕುಡಿದರೆ ಒಳ್ಳೆಯದೋ ಕೆಟ್ಟದ್ದೋ? ಎರಡೂ ಅಲ್ಲ. ಅದು ಸಿಪ್ಪೆಯಿಂದ ಬೇರ್ಪಡಿಸಿ ಶುದ್ಧ ಮಾಡಿದ ವಸ್ತು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ. ಸಾರಿನ ಕತೆ ಬೇರೆ. ಈಗಂತೂ ವಾಟ್ಸಾಪಿನಲ್ಲಿ ಜೋಳದ ರೊಟ್ಟಿ ತಿಂದರೆ ಜೀನು ಬದಲಾಗುತ್ತದೆ ಎಂಬ ವಿಡಿಯೋ ಬರುತ್ತಿದೆ. ನಾರು ತಿಂದರೆ ಕರುಳಿನ ಬ್ಯಾಕ್ಟೀರಿಯಾ ಬ್ಯುಟಿರೇಟ್ ಮಾಡುತ್ತವೆ, ಬ್ಯುಟಿರೇಟು ಎಚ್‌ಡ್ಯಾಕ್‌ಗಳನ್ನು ತಡೆಯುತ್ತದೆ ಎಂಬುದು ಎಪ್ಪತ್ತರ ದಶಕದಿಂದ ತಿಳಿದ ಸಂಗತಿ. ಅಲ್ಲಿಂದ ವಿಡಿಯೋದ ತನಕ ಹೋಗುವ ದಾರಿಯಲ್ಲಿ ಸೇತುವೆ ಇಲ್ಲ. ನಾನು ಮೂರು ಗ್ರೂಪಿನಿಂದ ಹೊರಬಂದಿದ್ದೇನೆ.

ಆದರೆ ಒಂದು ಗುಳಿಗೆಯ ವಿಷಯದಲ್ಲಿ ಸೇತುವೆ ಇದೆ, ಅದು ನಮ್ಮ ಮನೆಯೊಳಗೇ ಬಂದಿತ್ತು.

ನನ್ನ ಕಾಕಾನ ಮಗ ನನಗಿಂತ ಎರಡು ವರ್ಷ ಚಿಕ್ಕವ. 1966ರ ಸುಮಾರಿಗೆ, ಗೋಲಿ ಆಡುತ್ತಿದ್ದವನು ಹಗೇವಿನ ಕಲ್ಲಿನ ಮೇಲೆಯೇ ಬಿದ್ದ. ಕೈಕಾಲು ಸೆಟೆದವು, ಬಾಯಿಯಲ್ಲಿ ನೊರೆ. ಅಜ್ಜಿ ಸೊಂಟದ ಬೀಗದ ಕೈ ಗೊಂಚಲು ಕಿತ್ತು ಅವನ ಮುಷ್ಟಿಗೆ ತುರುಕಿದಳು. ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಎರಡು ನಿಮಿಷಕ್ಕೆ ನಿಂತಿತು. ಫಿಟ್ಸು ಸಾಮಾನ್ಯವಾಗಿ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಹೆಸರು ಬೀಗದ ಕೈಗೆ ಬಂತು. ಅಲ್ಲಿಂದ ಹತ್ತು ವರ್ಷ ಆ ಹುಡುಗ ಸೊಂಟದ ಉಡದಾರಕ್ಕೆ ಒಂದು ತುಕ್ಕು ಹಿಡಿದ ಬೀಗದ ಕೈ ಕಟ್ಟಿಕೊಂಡು ತಿರುಗಿದ. ಯಾವ ಬೀಗದ್ದು ಎಂದು ಕೇಳಿದರೆ ಅಜ್ಜಿಗೂ ಗೊತ್ತಿರಲಿಲ್ಲ.

ಆ ನಡುವೆಯೇ ಗಾರ್ಡಿನಾಲ್ ಗುಳಿಗೆ ಬಂತು. ಫಿಟ್ಸು ಕಡಿಮೆಯಾಯಿತು, ಅವನು ತರಗತಿಯಲ್ಲಿ ನಿದ್ದೆ ಹೋಗತೊಡಗಿದ. ಮೇಷ್ಟ್ರೊಬ್ಬರು ಸೋಮಾರಿ ಎಂದು ಹೊಡೆದರು, ಎಸ್ಸೆಸ್ಸೆಲ್ಸಿಗೆ ಓದು ನಿಂತಿತು. 1994ರಲ್ಲಿ ವೈದ್ಯರೊಬ್ಬರು ಸೋಡಿಯಂ ವಾಲ್‌ಪ್ರೊಯೇಟ್‌ಗೆ ಬದಲಿಸಿದರು. ಕೈ ಸ್ವಲ್ಪ ನಡುಗುತ್ತಿತ್ತು, ಹೊಟ್ಟೆ ಬಂತು, ಕೂದಲು ತೆಳ್ಳಗಾಯಿತು, ತಿಂಗಳಿಗೊಮ್ಮೆ ಬೀಳುತ್ತಿದ್ದವನು ವರ್ಷಕ್ಕೊಮ್ಮೆ ಬೀಳತೊಡಗಿದ. ಕೊನೆಯ ಸಲ ಬಿದ್ದದ್ದು 2003ರಲ್ಲಿ.

ವಾಲ್‌ಪ್ರೊಯಿಕ್ ಆಮ್ಲದ ಇತಿಹಾಸ ನನಗೆ ಬಹಳ ಹಿಡಿಸಿದ್ದು. 1882ರಲ್ಲಿ ಬರ್ಟನ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಅದನ್ನು ತಯಾರಿಸಿದ. ಎಂಬತ್ತು ವರ್ಷ ಅದಕ್ಕೆ ಔಷಧದ ಕೆಲಸವಿರಲಿಲ್ಲ, ಬೇರೆ ವಸ್ತುಗಳನ್ನು ಕರಗಿಸುವ ದ್ರಾವಕವಾಗಿ ಬಳಸುತ್ತಿದ್ದರು. 1962ರ ಹೊತ್ತಿಗೆ ಫ್ರಾನ್ಸಿನಲ್ಲಿ ಪಿಯೆರ್ ಎಯ್ಮಾರ್ ತನ್ನ ವಸ್ತುಗಳನ್ನು ಅದರಲ್ಲಿ ಕರಗಿಸಿ ಪ್ರಾಣಿಗಳಿಗೆ ಕೊಟ್ಟಾಗ ಯಾವುದನ್ನು ಕೊಟ್ಟರೂ ಸೆಟೆತ ನಿಂತಿತು. ನಿಲ್ಲಿಸಿದ್ದು ಕರಗಿದ ವಸ್ತುವಲ್ಲ, ಕರಗಿಸಿದ ದ್ರಾವಕ. ಇಲ್ಲೂ ಚೀಲವೇ ಸರಕು. 1967ರಿಂದ ಫ್ರಾನ್ಸಿನಲ್ಲಿ ಮಾರಾಟಕ್ಕೆ ಬಂತು. 2001ರಲ್ಲಿ ಎರಡು ತಂಡಗಳು, ಒಂದರ ಬೆನ್ನಿಗೆ ಒಂದು, ಈ ಗುಳಿಗೆ ಎಚ್‌ಡ್ಯಾಕ್‌ಗಳನ್ನು ತಡೆಯುತ್ತದೆ ಎಂದು ತೋರಿಸಿದವು. ಕಾಕಾನ ಮಗ ಏಳು ವರ್ಷದಿಂದ ನುಂಗುತ್ತಿದ್ದ ಗುಳಿಗೆ, ನಾನು ತಪ್ಪಾಗಿ ಕಲಿಸುತ್ತಿದ್ದ ಪಾಠದ ಮೇಲೆ ಕೈ ಆಡಿಸುತ್ತಿತ್ತು.

ಫಿಟ್ಸು ನಿಲ್ಲುವುದು ಮುಖ್ಯವಾಗಿ ಅದರಿಂದಲ್ಲ. ನರಕೋಶದ ಸೋಡಿಯಂ ದಾರಿಗಳು, ಗಾಬಾ ಎಂಬ ರಾಸಾಯನಿಕ, ಇವುಗಳ ಮೂಲಕ ಎಂದು ತಜ್ಞರು ಹೇಳುತ್ತಾರೆ. ಆದರೆ ಗರ್ಭಿಣಿಯರು ಇದನ್ನು ನುಂಗಿದರೆ ಮಗುವಿನ ಬೆನ್ನುಹುರಿಯ ಕೊಳವೆ ಸರಿಯಾಗಿ ಕೂಡಿಕೊಳ್ಳದ ಅಪಾಯ ಹೆಚ್ಚು, ಅದಕ್ಕೆ ಎಚ್‌ಡ್ಯಾಕ್ ತಡೆ ಒಂದು ಕಾರಣವಿರಬಹುದು ಎಂಬ ಅನುಮಾನ ಬಲವಾಗಿದೆ. ಕಟ್ಟಬೇಕಾದ ಹೊತ್ತಿನಲ್ಲಿ ಮುಚ್ಚಬೇಕಾದದ್ದು ತೆರೆದುಕೊಂಡರೆ ಹಾಗೇ. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ, ಈ ಪಾಠ ಬಂದಾಗ, ಹೆಣ್ಣುಮಕ್ಕಳ ಬೆಂಚಿನ ಕಡೆ ನೋಡಿ ಒಂದು ಮಾತು ಸೇರಿಸುತ್ತಿದ್ದೆ: ಮನೆಯಲ್ಲಿ ಯಾರಾದರೂ ಈ ಗುಳಿಗೆ ತಗೊಳ್ಳುವವರಿದ್ದರೆ, ಲಗ್ನಕ್ಕೆ ಮೊದಲೇ ಡಾಕ್ಟರಿಗೆ ಹೇಳಿರಿ, ತಾವಾಗಿ ನಿಲ್ಲಿಸಬೇಡಿರಿ. ಪಠ್ಯದಲ್ಲಿ ಇಲ್ಲದ ಮಾತು. ಹಿಂದಿನ ಬೆಂಚಿನವರೂ ಆಗ ತಲೆ ಎತ್ತುತ್ತಿದ್ದರು.

ಇದೇ ಎಚ್‌ಡ್ಯಾಕ್ ತಡೆಯುವ ಬೇರೆ ಔಷಧಗಳೂ ಬಂದವು. ವೊರಿನೊಸ್ಟಾಟ್ ಎಂಬುದಕ್ಕೆ 2006ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಚರ್ಮದ ಲಿಂಫೋಮಾಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಸುತ್ತಮುತ್ತ ಅದನ್ನು ತೆಗೆದುಕೊಂಡವರನ್ನು ನಾನು ಕಂಡಿಲ್ಲ.

2010ರಲ್ಲಿ ಅಣ್ಣಿಗೇರಿಯಲ್ಲಿ ಗಟಾರ ಅಗೆಯುವಾಗ ಸಾಲುಸಾಲಾಗಿ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಊರೆಲ್ಲ ಅದೇ ಮಾತು. ‘ಸರ, ಡಿಎನ್‌ಎ ಮಾಡಿದ್ರ ಎಲ್ಲಾ ಗೊತ್ತಾಕ್ಕೈತಂತಲ್ರಿ?’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳುವವರು. ಅಷ್ಟು ಹಳೆಯ ಎಲುಬಿನಲ್ಲಿ ಡಿಎನ್‌ಎ ಉಳಿದಿದ್ದರೆ ಗಂಡೋ ಹೆಣ್ಣೋ, ಯಾರ ಬಳಗ ಎಂಬುದನ್ನು ಹೇಳಬಹುದು ಎಂದೆ. ಮೊದಲಾಗಿದ್ದರೆ ‘ಎಲ್ಲಾ ಗೊತ್ತಾಗುತ್ತದೆ’ ಎಂದುಬಿಡುತ್ತಿದ್ದೆ. ಡಿಎನ್‌ಎ ಎಂಬ ಚೀಟಿಯಲ್ಲಿ ಸಾಮಾನಿನ ಪಟ್ಟಿ ಇರುತ್ತದೆ. ಆ ಮನೆಯವರು ಅದರಲ್ಲಿ ಏನು ಬಳಸಿದರು, ಏನು ಮುಚ್ಚಿಟ್ಟರು ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ಈಗ ಪಿಯುಸಿ ಪುಸ್ತಕ ಬದಲಾಗಿದೆ. ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯ ಬಂದ ಮೇಲೆ ಎಂಟು ಹಿಸ್ಟೋನಿನ ಉಂಡೆಯ ಚಿತ್ರವೂ ಇದೆ, ಸಡಿಲ ಕ್ರೊಮ್ಯಾಟಿನ್ನು ಚುರುಕು, ಬಿಗಿಯಾದದ್ದು ಸುಮ್ಮನಿರುತ್ತದೆ ಎಂಬ ವಾಕ್ಯವೂ ಇದೆ. ಯಾರು ಬಿಗಿಯುತ್ತಾರೆ ಎಂಬುದು ಅಲ್ಲಿಲ್ಲ. ಇದ್ದಿದ್ದರೂ ಸಂಗತಿ ಅಷ್ಟು ಸರಳವಾಗಿ ಉಳಿದಿಲ್ಲ. 2009ರಲ್ಲಿ, ಎಚ್‌ಡ್ಯಾಕ್‌ಗಳು ಕೋಶದಲ್ಲಿ ಎಲ್ಲೆಲ್ಲಿ ಕೂತಿವೆ ಎಂದು ಡಿಎನ್‌ಎ ಉದ್ದಕ್ಕೂ ಎಣಿಸಿದವರಿಗೆ, ಬಹುಪಾಲು ಚುರುಕಾಗಿ ಕೆಲಸ ಮಾಡುವ ಜೀನುಗಳ ಮೇಲೆಯೇ ಸಿಕ್ಕವು. ಮುಚ್ಚುವವನು ತೆರೆದ ಮನೆಯ ಬಾಗಿಲಲ್ಲೇ ಯಾಕೆ ಕೂತಿದ್ದಾನೆ? ಪ್ರತಿ ಸಲ ನಕಲು ತೆಗೆದ ಮೇಲೆ ಹಿಂದಿನ ಸ್ಥಿತಿಗೆ ತರಲು ಇರಬಹುದು ಎನ್ನುತ್ತಾರೆ. ಬೆಂಗಳೂರಿನ ಅದೇ ಕುಂಡು ತಂಡ 2010ರಲ್ಲಿ ಪಿಸಿ4 ಎಂಬ ಇನ್ನೊಂದು ಮಾನವ ಪ್ರೋಟೀನಿನ ಬಗ್ಗೆ ಬರೆಯಿತು. ಹೆಸರಿನಲ್ಲೇ ಅದು ನಕಲಿಗೆ ನೆರವಾಗುವವನು. ಕೆಲಸ ನೋಡಿದರೆ ಕ್ರೊಮ್ಯಾಟಿನ್ನನ್ನು ಬಿಗಿ ಮಾಡುತ್ತದೆ, ರೆಸ್ಟ್ ಮತ್ತು ಕೋರೆಸ್ಟ್ ಜೊತೆ ಸೇರಿ ನರಕೋಶದ ಜೀನುಗಳ ಬಾಯಿ ಮುಚ್ಚಿಸುತ್ತದೆ. ಇವನ್ನೆಲ್ಲ ಓದುವಾಗ ನನಗೆ ಇನ್ನೊಂದು ಹೋಲಿಕೆ ಹುಡುಕುವ ಚಪಲ ಬರುತ್ತದೆ. ಹಗೇವಿಗೂ ಮಿತಿ ಇದೆ, ಅಲ್ಲಿಗೆ ಬಿಟ್ಟಿದ್ದೇನೆ.

ನಮ್ಮ ಹಗೇವಿನ ಕೆಲಸ ಎಂಬತ್ತರ ದಶಕದಲ್ಲೇ ಮುಗಿದಿತ್ತು. ಮಲಪ್ರಭಾ ಕಾಲುವೆ ಬಂದ ಕಡೆಗಳಲ್ಲಿ ಜೋಳ ಬಿಟ್ಟು ಹತ್ತಿ, ಗೋವಿನಜೋಳಕ್ಕೆ ಹೋದರು. ರೇಷನ್ ಅಂಗಡಿಯ ಅಕ್ಕಿ ಬಂತು, ಪಡಸಾಲೆಗೆ ತಗಡಿನ ಡಬ್ಬಿ ಬಂತು. 2006ರಲ್ಲಿ ಎರಡು ಟ್ರ್ಯಾಕ್ಟರ್ ಗರಸು ಹಾಕಿ ಮುಚ್ಚಿಸಿ, ಮೇಲೆ ಟೈಲ್ಸ್ ಹಾಸಿದೆವು. ನನಗೆ ಆಗ ಬೇಸರವೇನೂ ಆಗಲಿಲ್ಲ. ಮೊಮ್ಮಕ್ಕಳು ಓಡಾಡುವ ಅಂಗಳ ಅದು.

ಕಾಕಾನ ಮಗ ದಿನಾ ಸಂಜೆ ಬಂದು ಅಲ್ಲೇ ಕಟ್ಟೆಯ ಮೇಲೆ ಕೂರುತ್ತಾನೆ. ಗುಳಿಗೆ ಇನ್ನೂ ನಡೆದಿದೆ, ರಾತ್ರಿ ಊಟದ ನಂತರ ಒಂದು. ಅದು ಒಳಗೆ ಏನು ಮಾಡುತ್ತದೆ ಎಂದು ಒಮ್ಮೆ ಕೇಳಿದ್ದ. ಲೈಸೀನು, ಅಸಿಟೈಲು ಎಂದು ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿ, ‘ಅಂದ್ರ ಬೀಗದ ಕೈ ಖರೇನ ಕೆಲಸ ಮಾಡ್ತಿತ್ತು ಅನ್ನು’ ಎಂದು ನಕ್ಕ. ಇಲ್ಲ, ಅದು ಮಾಡುತ್ತಿರಲಿಲ್ಲ ಎಂದೆ.

ಈ ಮಳೆಗಾಲದಲ್ಲಿ ಹಗೇವಿನ ಬಾಯಿ ಇದ್ದ ಕಡೆ ಎರಡು ಟೈಲ್ಸ್ ಬೆರಳಷ್ಟು ಕುಸಿದಿವೆ. ಒಳಗೆ ಗರಸು ಸರಿಯಾಗಿ ಕೂತಿರಲಿಕ್ಕಿಲ್ಲ. ಗೌಂಡಿಗೆ ಎರಡು ಸಲ ಹೇಳಿ ಕಳಿಸಿದ್ದೇನೆ, ಹತ್ತಿ ಬಿಡಿಸುವುದು ಮುಗಿದ ಮೇಲೆ ಬರುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಮೋಟರ್‌ಸೈಕಲ್ ಬೇರೆ ಕಡೆ ನಿಲ್ಲಿಸುತ್ತಿದ್ದೇವೆ.